ಮೂರು ದೇಶ ಸುತ್ತಿದ ವರ್ಗಾವಣೆ ಅರ್ಜಿ

ಇನ್ನು ಮೇಲೆ ನಾನು ಎಲ್ಲಿ ಕೂತು ಏನು ಮಾಡುತ್ತೇನೆಂಬುದು ನರಪಿಳ್ಳೆಗೂ ತಿಳಿಯಕೂಡದು! ಹೀಗೆ ಘೋಷಿಸಿ ಮನೆಯ ಕಂಪ್ಯೂಟರಿಗೆ ವಿಪಿಎನ್ ಹಾಕಿದೆ. ನಾವು ಅಡುಗೆಮನೆಯ ಪಕ್ಕದ ಮೇಜಿಗೆ ಅಂಟಿಕೊಂಡಿದ್ದರೂ ಯಾವುದೋ ಹೊರದೇಶದಲ್ಲಿದ್ದೇವೆಂದು ಜಾಲತಾಣಗಳನ್ನು ನಂಬಿಸುವ ಮಾಯಾವಿ ತಂತ್ರಾಂಶವದು. ನಾನೋ, ಕಚೇರಿಯ ಟಪಾಲು ವಿಭಾಗದ ಗುಮಾಸ್ತ. ನನ್ನ ಗುಟ್ಟು ಕದಿಯಲು ಯಾರೂ ಹೊಂಚು ಹಾಕಿಲ್ಲವೆಂಬುದು ಆಗ ಹೊಳೆಯಲಿಲ್ಲ.

ನನ್ನ ಹೆಂಡತಿ ನರ್ಸು. ಕೆಲಸ, ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಮೂರನೇ ಕ್ಲಾಸಿನ ಮಗಳಿಗೆ ಅಮ್ಮ ಸಿಗುವುದು ಶನಿವಾರ, ಭಾನುವಾರ ಮಾತ್ರ. ಆರು ವರ್ಷದಿಂದ ಇದೇ ಪಾಡು. ಈ ಸಲ ನಮ್ಮೂರ ಆಸ್ಪತ್ರೆಯಲ್ಲೇ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆ ಅರ್ಜಿಯನ್ನು ಇಲಾಖೆಯ ಜಾಲತಾಣದಲ್ಲೇ ಹಾಕಬೇಕು. ಮೇಲಧಿಕಾರಿಯ ಒಪ್ಪಿಗೆ ಪತ್ರ ಅವಳ ಕೈಸೇರಿದ್ದು ಶುಕ್ರವಾರ. ಗಡುವು ಶನಿವಾರ ಸಂಜೆ ಐದಕ್ಕೆ.

ನಾಲ್ಕು ಗಂಟೆಗೆ ಅವಳು ಫೋನ್ ಹಿಡಿದು ಕೂತಳು.

"ಹತ್ತು ನಿಮಿಷದ ಕೆಲಸ ರೀ, ನಾನೇ ಹಾಕ್ಕೋತೀನಿ."

"ಹುಚ್ಚೀ! ಫೋನಲ್ಲಿ ಹಾಕಿದ್ರೆ ನಿನ್ನ ಪೂರ್ವಾಪರವೆಲ್ಲ ಕಳ್ಳರ ಪಾಲು! ಕೊಡು ಇಲ್ಲಿ. ನನ್ನತ್ರ ವಿಪಿಎನ್ ಇದೆ."

"ವಿಪಿಎನ್ನೋ ವಿಪತ್ತೋ, ಐದರೊಳಗೆ ಹೋದ್ರೆ ಸಾಕು."

ಅವಳ ಖಾತೆ ತೆರೆದೆ. ಪರದೆ ಹೇಳಿತು: 'ಹೊರದೇಶದಲ್ಲಿರುವವರಿಗೆ ಈ ಸೇವೆ ಲಭ್ಯವಿಲ್ಲ.'

ಒಂದು ಗುಂಡಿ ಒತ್ತಿ ವಿಪಿಎನ್ ಆಫ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಹೆಂಡತಿ ಬೆನ್ನ ಹಿಂದೆ ನಿಂತಿದ್ದಾಳೆ! ಸೋಲುವುದುಂಟೆ?

"ಏನಾಯ್ತು ರೀ?"

"ಸುಮ್ನಿರು, ದೇಶ ಬದಲಾಯಿಸ್ತಿದ್ದೀನಿ!"

ಬದಲಾಯಿಸಿದೆ. ಮತ್ತದೇ ಪಾಠ. ಇನ್ನೊಂದು ದೇಶಕ್ಕೆ ನುಗ್ಗಿದೆ. ಯಾವ ಚಕ್ರವರ್ತಿಯೂ ಕುರ್ಚಿಯಿಂದ ಏಳದೆ ಇಂಥ ದಿಗ್ವಿಜಯ ಮಾಡಿರಲಾರ! ಮೂರನೆಯ ದೇಶದಲ್ಲಿ ಪರದೆ ಕೆಂಪಾಯಿತು: 'ಅನುಮಾನಾಸ್ಪದ ಬಳಕೆ. ನಿಮ್ಮ ಖಾತೆಯನ್ನು ಇಪ್ಪತ್ನಾಲ್ಕು ಗಂಟೆ ಮುಚ್ಚಲಾಗಿದೆ.'

ಆಗ ವಿಪಿಎನ್ ಆಫ್ ಮಾಡಿದೆ. ಅವಳು ತನ್ನ ಫೋನಿನಲ್ಲಿ ಪ್ರಯತ್ನಿಸಿದಳು. ಅಲ್ಲೂ ಬಾಗಿಲು ಮುಚ್ಚಿತ್ತು. ಸಹಾಯವಾಣಿ ಸಿಕ್ಕಾಗ ನಾಲ್ಕೂ ಮುಕ್ಕಾಲು.

"ಮೇಡಂ, ನೀವು ಅರ್ಧ ಗಂಟೇಲಿ ಮೂರು ದೇಶ ಸುತ್ತಿದ್ದೀರಿ ಅಂತ ತೋರಿಸ್ತಿದೆ," ಎಂದಿತು ಆ ಕಡೆಯ ಹೆಣ್ಣುದನಿ.

"ಆರು ವರ್ಷದಿಂದ ನಾನು ಸುತ್ತಿರೋದು ಎರಡೇ ಊರು ಕಣಮ್ಮಾ!"

"ನಾಳೆ ಪ್ರಯತ್ನಿಸಿ ಮೇಡಂ."

"ಇವತ್ತೇ ಕೊನೇ ದಿನ."

"ಹಾಗಾದ್ರೆ ಮುಂದಿನ ವರ್ಷ."

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಮಾರನೆಯ ದಿನ ಅವಳು ಸಮವಸ್ತ್ರ ಮಡಚಿ ಚೀಲಕ್ಕಿಡುವಾಗ ನಾನೇ ಹತ್ತಿರ ಹೋದೆ.

"ಒಂದ್ಸಲ ಬೈದುಬಿಡೇ."

"ಬೈದು ಹೋದ್ರೆ ವಾರವೆಲ್ಲ ನಂಗೇ ಸಂಕಟ. ಒಲೆ ಮೇಲೆ ಹಾಲು ಉಕ್ತಿದೆ, ನೋಡಿ ಹೋಗಿ."

ಹಾಲು ಇಳಿಸಿ ಬಂದೆ. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ಒಮ್ಮೆ ಹಾಕಿದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ನಾನು ಬಾಗಿಲಲ್ಲೇ ನಿಂತೆ. ಮಗಳು ಹಿಂತಿರುಗಿ ಅಮ್ಮನ ಮುಖ ಒರೆಸಿ ಪಿಸುಗುಟ್ಟಿದಳು.

"ಅಳಬೇಡಮ್ಮಾ. ಮುಂದಿನ ವರ್ಷ ನಾನು ನಾಲ್ಕನೇ ಕ್ಲಾಸು. ಅರ್ಜಿ ನಾನೇ ತುಂಬ್ತೀನಿ. ಅಪ್ಪಂಗೆ ಮಾತ್ರ ಹೇಳೋದು ಬೇಡ!"