ಮುನೇಶ ಮೇಷ್ಟ್ರ ಇಪ್ಪತ್ತಡಿ ಕಂಟೇನರು

ಇಡೀ ರಾಮನಗರದಲ್ಲಿ ತನ್ನಷ್ಟು ಅಚ್ಚುಕಟ್ಟಾಗಿ ಕಂಟೇನರ್ ಇಳಿಸಿಕೊಳ್ಳುವ ಗಂಡಸು ಇನ್ನೊಬ್ಬನಿಲ್ಲ ಎಂದು ತೋರಿಸಿಯೇ ತೀರುತ್ತೇನೆಂದು ಹೈಸ್ಕೂಲಿನ ಗಣಿತದ ಮೇಷ್ಟ್ರು ಮುನೇಶ್ ಶಪಥ ಮಾಡಿದ್ದು ಒಂದು ಭಾನುವಾರದ ಬೆಳಿಗ್ಗೆ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು! ಕಾರಣ, ಪಕ್ಕದ ಮನೆಯ ಇದ್ರೀಸ್. ರೇಷ್ಮೆ ನೂಲು ತೆಗೆಯುವ ಈ ಇದ್ರೀಸ್ ಮನೆ ರಿಪೇರಿಗೆಂದು, ಸಾಮಾನು ತುಂಬಿಡಲು ಹತ್ತಡಿಯ ಕಬ್ಬಿಣದ ಕಂಟೇನರೊಂದನ್ನು ಬಾಡಿಗೆಗೆ ತರಿಸಿ ಅಂಗಳದಲ್ಲಿಟ್ಟುಕೊಂಡಿದ್ದ. ಬೀದಿಗೆ ಬೀದಿಯೇ ಬಂದು, ತಟ್ಟಿ ನೋಡಿ, ಫೋಟೊ ಹೊಡೆದುಕೊಂಡು ಹೋಗಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಹೆಂಡತಿ ಸುಮನಾಳ ಬಾಯನ್ನು ಸಹಿಸಲಾಗಲಿಲ್ಲ.

"ರೀ, ಇದ್ರೀಸಣ್ಣ ಎಷ್ಟು ನೀಟಾಗಿ ಮಾಡವ್ರೆ ನೋಡಿ. ಒಂದು ಲೋಟ ಒಡ್ದಿಲ್ವಂತೆ. ನಾವು ಸುಣ್ಣ ಹೊಡ್ಸಿದಾಗ ನೀವು ಟೀವಿ ಮ್ಯಾಲೆ ಏಣಿ ಬೀಳ್ಸಿದ್ರಿ."

ಇವರ ಮನೆಯಲ್ಲೂ ಮುಂದಿನ ಸೋಮವಾರದಿಂದ ಹಳೇ ನೆಲ ಒಡೆದು ಟೈಲ್ಸ್ ಹಾಕಬೇಕಿತ್ತು. ಅಷ್ಟರೊಳಗೆ ಮನೆ ಖಾಲಿಯಾಗಬೇಕು, ಇದ್ರೀಸನನ್ನು ಹೊಗಳುವ ಆ ಬಾಯಿ ಒಂದು ಸಲವಾದರೂ ಕಟ್ಟಿಕೊಂಡ ಗಂಡನನ್ನು ಹೊಗಳಬೇಕು. ಮೇಷ್ಟ್ರು ಇಪ್ಪತ್ತಡಿಯದನ್ನೇ ಬುಕ್ ಮಾಡಿದರು.

ಆಮೇಲೆ ಶುರುವಾಯಿತು ಸಿದ್ಧತೆ. ಟೇಪು ಹಿಡಿದು ಗೇಟು ಅಳೆದರು, ಅಂಗಳ ಅಳೆದರು, ಕರೆಂಟು ತಂತಿಯ ಎತ್ತರವನ್ನು ತ್ರಿಕೋನಮಿತಿ ಹಾಕಿ ಕಂಡುಹಿಡಿದರು. ನುಗ್ಗೆಮರದ ಕೊಂಬೆ ಹೋಯಿತು, ಬಟ್ಟೆ ಒಣಹಾಕುವ ಹಗ್ಗ ಹೋಯಿತು, ಸುಮನಾಳ ಕರಿಬೇವಿನ ಗಿಡವೂ ಹೋಯಿತು. ಜಲ್ಲಿ ಸುರಿಸಿ, ನೀರು ಹಾಕಿ, ಕುಟ್ಟಿಸಿ ನೆಲ ಮಟ್ಟ ಮಾಡಿಸಿದರು. ಎಲ್ಲಿ? ಗೇಟಿಗೆ ನೇರ ಎದುರಿಗಿದ್ದ ಇದ್ರೀಸನ ಕಾಂಪೌಂಡ್ ಗೋಡೆಗೆ ಒಂದೇ ಅಡಿ ಬಿಟ್ಟು. ಅಂಗಳದ ನಡುವೆ ಬೇಕಾದಷ್ಟು ಜಾಗವಿತ್ತು. ಆದರೆ ಇದ್ರೀಸ್ ದಿನಾ ಕಿಟಕಿ ತೆರೆದ ಕೂಡಲೇ ಅದು ಅವನ ಕಣ್ಣಿಗೆ ರಾಚಬೇಕಲ್ಲ!

ಮುಂದಿನ ಭಾನುವಾರ ಲಾರಿ ಬಂತು, ಹಿಂದೆಯೇ ಕ್ರೇನು ಬಂತು, ನೋಡಲು ಬೀದಿಯೂ ಬಂತು. ಡ್ರೈವರ್ ಗೇಟಿನೊಳಗೆ ಇಣುಕಿದ.

"ಸಾರ್, ಕಂಟೇನರ್ ಬಾಗ್ಲು ಲಾರಿ ಮೂತಿ ಕಡೀಕೈತೆ. ರಿವರ್ಸ್‌ನಾಗೇ ಒಳೀಕ್ ತತ್ತೀನಿ."

ಮೇಷ್ಟ್ರ ಕೈಯಲ್ಲಿ ಆರತಿ ತಟ್ಟೆಯಿತ್ತು. ಚಕ್ರದಡಿಗಿಡಲು ನಿಂಬೆಹಣ್ಣು ಕಾದಿತ್ತು. ಇದ್ರೀಸನದು ಹಿಂದುಹಿಂದಕ್ಕೇ ಒಳಗೆ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

"ರಿವರ್ಸಾ? ಮೊದ್ಲ ಸಲ ಮನೆಗೆ ಬರೋ ಲಕ್ಷ್ಮಿ ಬೆನ್ನು ತೋರ್ಸ್ಕೊಂಡು ಬತ್ತಾಳೇನಪ್ಪಾ? ಮುಖ ಮುಂದಾಗೇ ಬರ್ಬೇಕು."

"ಇದು ಬಾಡಿಗೇದು ಸಾರ್."

"ಬಾಡಿಗೆ ಮನೇಗೂ ಬಲಗಾಲಿಟ್ಟೇ ಹೋಗೋದು."

"ಅಲ್ಲ ಸಾರ್, ಬಾಗ್ಲು..."

"ಬಾಗ್ಲು ನಾನ್ ನೋಡ್ಕೊತೀನಿ, ನೀ ಬಾ."

ನನಗ್ಯಾಕೆ ಊರ ಉಸಾಬರಿ ಎಂದುಕೊಂಡು ಡ್ರೈವರ್ ಹತ್ತಿ ಕೂತ. ನಿಂಬೆಹಣ್ಣು ಪಚಕ್ಕೆಂದಿತು. ಲಾರಿ ಮೂತಿ ಮುಂದಾಗಿ ನುಗ್ಗಿತು. ಕ್ರೇನು ಇಪ್ಪತ್ತಡಿಯ ಪೆಟ್ಟಿಗೆಯನ್ನು ಎತ್ತಿ, ಮಟ್ಟ ಮಾಡಿದ ಜಾಗದಲ್ಲಿ ಇಳಿಸಿತು. ಮೇಷ್ಟ್ರು ಮಾತ್ರ ಅದನ್ನು ನೋಡಲೇ ಇಲ್ಲ. ಗೋಡೆಯಾಚೆ ನಿಂತ ಇದ್ರೀಸನ ಮುಖ ಬಾಡಿತೇ ಎಂದು ನೋಡುತ್ತಿದ್ದರು.

ಲಾರಿ, ಕ್ರೇನು ಹೋದ ಮೇಲೆ ಸುಮನಾ ಪಾತ್ರೆಯ ಮೂಟೆ ಹೊತ್ತು ಬಂದಳು. ಕಂಟೇನರಿನ ಮೂರು ಕಡೆ ಸುತ್ತಿದಳು.

"ರೀ, ಇದ್ರ ಬಾಗ್ಲೆಲ್ಲಿ?"

ಬಾಗಿಲು ಇದ್ರೀಸನ ಗೋಡೆಗೆ ಮುಖ ಮಾಡಿತ್ತು. ಆ ಒಂದಡಿ ಸಂದಿಯಲ್ಲಿ ಬೆಕ್ಕು ಹೋಗಬಹುದಿತ್ತು, ಬೀರು ಹೋಗುವಂತಿರಲಿಲ್ಲ. ಕ್ರೇನಿನವನಿಗೆ ಫೋನ್ ಮಾಡಿದರೆ, "ಕನಕಪುರಕ್ಕೆ ಹೊಂಟಿವ್ನಿ ಸಾರ್. ಅಲ್ಲಿ ಹದಿನೈದು ದಿನ ಕೆಲ್ಸ ಐತೆ," ಎಂದ. ಬೆಳಗಾದರೆ ನೆಲ ಒಡೆಯುವವರು ಬಂದು ನಿಲ್ಲುತ್ತಾರೆ.

ಇದ್ರೀಸ್ ಗೋಡೆಯ ಮೇಲಿಂದ ತಲೆ ಎತ್ತಿದ. "ಮುನೇಶಣ್ಣ, ನಮ್ ಮೇಸ್ತ್ರಿ ಇಲ್ಲೇ ಅವ್ನೆ. ಗೋಡೆ ಒಂದತ್ತಡಿ ಬಿಚ್ಚುಸ್ಬುಡ್ತೀನಿ, ನಮ್ ಕಡೆಯಿಂದ ತುಂಬ್ಕಳಿ. ಆಮ್ಯಾಕೆ ಕಟ್ಟುದ್ರಾಯ್ತು."

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ಮೇಷ್ಟ್ರಿಗೆ. ಬಾಯ್ಬಿಟ್ಟದ್ದು ಗೋಡೆ. ಮಂಚ, ಹಾಸಿಗೆ, ಗ್ರೈಂಡರ್ ಎಲ್ಲವೂ ಮೇಷ್ಟ್ರ ಗೇಟಿನಿಂದ ಹೊರಟು, ಬೀದಿ ಸುತ್ತಿ, ಇದ್ರೀಸನ ಗೇಟಿನಿಂದ ಒಳಗೆ ಹೋದವು. ಇದ್ರೀಸನ ಹೆಂಡತಿ ಸಾಬಿರಾ ಎಲ್ಲರಿಗೂ ಟೀ ಕೊಟ್ಟಳು.

"ಎಂಥಾ ಮನ್ಸು ನೋಡಿ ಅವ್ರದು," ಎಂದಳು ಸುಮನಾ. ಒಳ್ಳೆಯತನದಲ್ಲೂ ಇವನೇ ಮುಂದೆ ಹೋದನಲ್ಲ ಎಂದು ಮೇಷ್ಟ್ರಿಗೆ ಅದಕ್ಕೂ ಹೊಟ್ಟೆ ಉರಿಯಿತು.

ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಹೊತ್ತಾಗಿತ್ತು. ಅಂಗಿ, ಪ್ಯಾಂಟು ಕಂಟೇನರಿನಲ್ಲಿ. ಬನಿಯನ್, ಟವೆಲ್ಲಿನಲ್ಲೇ ಮೇಷ್ಟ್ರು ಇದ್ರೀಸನ ಅಂಗಳಕ್ಕೆ ಹೋಗಿ ಬಾಗಿಲು ತೆರೆಯುತ್ತಿದ್ದಾಗ, ಡೇರಿಗೆ ಹಾಲು ಹಾಕಿ ಬರುತ್ತಿದ್ದ ಲಿಂಗಯ್ಯ ಗೇಟಿನ ಹತ್ತಿರ ನಿಂತ.

"ಏನ್ ಇದ್ರೀಸಣ್ಣ, ಎರಡ್ನೇದೂ ತರ್ಸ್ಬುಟ್ಯಾ? ಇದು ಭಾರಿ ಐತೆ ಕಣಪ್ಪಾ."

ಇದ್ರೀಸ್ ನಕ್ಕು ಏನೋ ಹೇಳುವಷ್ಟರಲ್ಲಿ ಲಿಂಗಯ್ಯನ ಕಣ್ಣು ಟವೆಲ್ಲಿನ ಮೇಲೆ ಬಿತ್ತು.

"ಮೇಷ್ಟ್ರೇ, ಪಾಪ, ನಿಮ್ ಬಟ್ಟೇನೂ ಅವ್ರ ಕಂಟೇನರ್‌ನಾಗೇ ಮಡಗಿದ್ದೀರಾ? ಒಸಿ ಕೇಳಿ ನೋಡಿ. ನಿಮಗೂ ಎಲ್ಲಾದ್ರೂ ಒಂದು ಚಿಕ್ಕದು ಕೊಡುಸ್ತಾರೆ."

"ಕೇಳ್ತೀನಿ," ಎಂದರು ಮೇಷ್ಟ್ರು, ಪ್ಯಾಂಟಿಗೆ ಕಾಲು ತೂರಿಸುತ್ತ.