ಶ್ರೀಯುತ ಕಪ್ಪೆಯವರ ಪರವಾಗಿ

ಯಾವುದೇ ವ್ಯಕ್ತಿಗೆ ಸಂಘದ ವತಿಯಿಂದ ಕೃತಜ್ಞತೆ ಸಲ್ಲಿಸಬೇಕಾದಲ್ಲಿ ಸದರಿ ವ್ಯಕ್ತಿಯು ಕುರ್ಚಿಯ ಮೇಲೆ ಕುಳಿತಿರತಕ್ಕದ್ದು. ಇದು ನೇಸರಗಿಯ ಭೂಮಿತಾಯಿ ಬೀಜ ಗೊಬ್ಬರ ವಿತರಣಾ ಸಹಕಾರಿ ಸಂಘದ ನಿಯಮ. ನಿಂತವರಿಗೆ ಹೊದಿಸಿದ ಶಾಲು ಜಾರುತ್ತದೆ, ಫೋಟೋದಲ್ಲಿ ಹೊದಿಸುವವರ ಮುಖ ಬರುವುದಿಲ್ಲ. ಸತ್ಕಾರಕ್ಕೆ ಬರಲಾಗದವರ ಕುರ್ಚಿಯನ್ನು ಖಾಲಿ ಬಿಡುವಂತೆಯೂ ಇಲ್ಲ. ಅವರ ಪರವಾಗಿ ಒಬ್ಬ ನಿರ್ದೇಶಕರು ಕುಳಿತು ಸ್ವೀಕರಿಸತಕ್ಕದ್ದು. ಈ ನಿಯಮದಡಿ ಅಧ್ಯಕ್ಷ ಮಲಕಾಜಪ್ಪನವರು ಇದುವರೆಗೆ ಒಬ್ಬ ವಿಜ್ಞಾನಿ, ಒಬ್ಬ ಸೈನಿಕ ಮತ್ತು ಒಂದು ಹೋರಿಯ ಪರವಾಗಿ ಶಾಲು ಹೊದ್ದಿದ್ದರು. ಹೋರಿಯನ್ನು ಅಲ್ಲೇ ಅಂಗಳದಲ್ಲಿ ಕಟ್ಟಿಹಾಕಿದ್ದರು, ಆದರೆ ಅದಕ್ಕೆ ಕುರ್ಚಿಯ ಮೇಲೆ ಕುಳಿತುಕೊಳ್ಳಲು ಬರುತ್ತಿರಲಿಲ್ಲ.

ಎರಡು ಸಾವಿರದ ಐದರ ಮುಂಗಾರಿನ ಹೊತ್ತಿಗೆ ಸಂಘಕ್ಕೊಂದು ಕಂಪ್ಯೂಟರ್ ಬಂತು. ಅದರೊಳಗೆ ಹಾಕುವ ಸಾಫ್ಟ್‌ವೇರಿಗೆ ಬೇರೆ ದುಡ್ಡು ಕೊಡಬೇಕೆಂದು ತಿಳಿದಾಗ ಆಡಳಿತ ಮಂಡಳಿಗೆ ಬಹಳ ನೋವಾಯಿತು. ಕಣ್ಣಿಗೆ ಕಾಣದ, ತಕ್ಕಡಿಯಲ್ಲಿ ತೂಗಲು ಬಾರದ ವಸ್ತುವಿಗೆ ದುಡ್ಡು ಕೊಡುವುದು ಸಹಕಾರ ತತ್ವಕ್ಕೆ ವಿರುದ್ಧವೆಂದು ಠರಾವಾಯಿತು. ಆಗ ಗುಮಾಸ್ತೆ ನಾಗರತ್ನಾ ಎದ್ದು ನಿಂತು, ಪುಕ್ಕಟೆ ಸಿಗುವುದೂ ಒಂದಿದೆ, ದೇಶದೇಶದ ಜನ ತಮ್ಮ ಬಿಡುವಿನಲ್ಲಿ ಕೂತು ಮಾಡಿ ಎಲ್ಲರಿಗೂ ಹಂಚುತ್ತಾರೆ ಎಂದು ತಿಳಿಸಿದಳು. ನಾಗರತ್ನಾಳದು ತಾತ್ಕಾಲಿಕ ನೌಕರಿ. ಮದುವೆಗೆ ಮೊದಲು ಸೇರಿದ್ದಳು, ಮಗ ಸಾಲಿಗೆ ಹೋಗುವಂತಾದರೂ ತಾತ್ಕಾಲಿಕವೇ ಇದ್ದಳು.

"ಪುಕ್ಕಟೆ ಅಂದ್ರ ಖರೇನ ಪುಕ್ಕಟೇನ?" ಎಂದರು ಮಲಕಾಜಪ್ಪನವರು.

"ಹೌದ್ರಿ ಸಾವ್ಕಾರ್ರ."

"ಹಂಗಾರ ಎರಡ ಹಾಕಿಸ್ರಿ."

ಪುಕ್ಕಟೆಯದು ಚೆನ್ನಾಗಿಯೇ ನಡೆಯಿತು. ತೊಡಕು ಒಂದೇ, ಪ್ರಿಂಟರಿನಲ್ಲಿ ಕನ್ನಡ ಮೂಡುತ್ತಿರಲಿಲ್ಲ. ರೈತರ ಹೆಸರು ಬರಬೇಕಾದಲ್ಲಿ ಸಣ್ಣ ಸಣ್ಣ ಚೌಕಗಳು ಸಾಲಾಗಿ ಬರುತ್ತಿದ್ದವು. ಸಂಘವು ಇದಕ್ಕೆ ಎದೆಗುಂದಲಿಲ್ಲ. "ಪ್ರತಿಯೊಬ್ಬ ಸದಸ್ಯರು ತಮ್ಮ ಚೌಕಗಳ ಸಂಖ್ಯೆಯನ್ನು ನೆನಪಿಟ್ಟುಕೊಳ್ಳತಕ್ಕದ್ದು" ಎಂದು ಗೋಡೆಗೆ ಪ್ರಕಟಣೆ ಅಂಟಿಸಿತು. ಜನ ಒಗ್ಗಿಕೊಂಡರು. ಐದು ಚೌಕದವರು ಮೂರು ಚೌಕದವರನ್ನು ಕಂಡರೆ ಸ್ವಲ್ಪ ಹಗುರವಾಗಿ ಮಾತಾಡುವುದೂ ಶುರುವಾಯಿತು.

ಹೀಗಿರಲು ಒಂದು ದಿನ ಶಟ್ಟೆವ್ವನ ಸೋಯಾಬೀನ್ ಬೀಜದ ಚೀಲಗಳು ಕೆಂಚವ್ವನ ಚಕ್ಕಡಿ ಏರಿದವು. ಇಬ್ಬರಿಗೂ ಮೂರೇ ಚೌಕ. ಶಟ್ಟೆವ್ವ ಹೊಲ ಹದ ಮಾಡಿಕೊಂಡು, ಮಳೆ ನೋಡಿಕೊಂಡು ಬಂದವಳು, ಕಟಕಟೆ ಹಿಡಿದು ನಿಂತುಬಿಟ್ಟಳು. ಕಾರ್ಯದರ್ಶಿ ಶ್ರೀಶೈಲ ಅವಳಿಗೆ ತಾಳ್ಮೆಯಿಂದ ತಿಳಿಹೇಳಿದ.

"ನೋಡವಾ, ಕಂಪ್ಯೂಟರಿಂದೇನೂ ತಪ್ಪಿಲ್ಲ. ನಿನ್ನ ಹೆಸರ ಗಿಡ್ಡ ಆಗೇತಿ. ಒಂದೆರಡ ಚೌಕ ಉದ್ದ ಇರೂ ಹೆಸರ ಇಟ್ಕೋ."

"ನಮ್ಮಪ್ಪ ಇಟ್ಟ ಹೆಸರ ಐತ್ರಿ ಅದು," ಎಂದಳು ಶಟ್ಟೆವ್ವ. ನಾಗರತ್ನಾಳ ಕಡೆ ತಿರುಗಿ, "ತಂಗಿ, ಬೀಜ ಹ್ವಾದ್ರ ಹೋಗಲಿ. ನನ್ನ ಹೆಸರ ನನಗ ಕೊಡಸ," ಎಂದಳು.

ನಾಗರತ್ನಾ ಆ ಮೂರು ಚೌಕದ ರಶೀದಿಯನ್ನು ತೆಗೆದಿಟ್ಟುಕೊಂಡಳು. ಮರುದಿನವೇ ಬೈಲಹೊಂಗಲದ ಬಸ್ಸು ಹತ್ತಿ ಸೈಬರ್ ಕೆಫೆಗೆ ಹೋಗಿ, ಆ ಸಾಫ್ಟ್‌ವೇರ್ ಮಾಡುವವರ ಗುಂಪಿನಲ್ಲಿ ಸಂಘದ ಖಾತೆಯಿಂದಲೇ ತನ್ನ ಸಾಲಿ ಇಂಗ್ಲಿಷಿನಲ್ಲಿ ಕಷ್ಟ ತೋಡಿಕೊಂಡಳು. ಯಾರು ಓದುತ್ತಾರೆ ಬಿಡು ಅಂದುಕೊಂಡಿದ್ದಳು. ಆದರೆ ಮೂವರು ಓದಿದರು. ಪೋಲಂಡಿನ ಮಾರೆಕ್ ಎಂಬಾತ, ಪ್ರಿಂಟರಿನ ವೈರು ಸರಿಯಾಗಿ ಚುಚ್ಚಿದ್ದೀರಾ ಎಂದು ಕೇಳಿ ಸುಮ್ಮನಾದ. ಬ್ರೆಜಿಲಿನ ತೆರೆಜಾ ಎಂಬಾಕೆ, ಅಂಥದೇ ಹಳೇ ಪ್ರಿಂಟರು ತಮ್ಮ ಅಟ್ಟದ ಮೇಲಿದೆ, ಇಳಿಸಿ ಪರೀಕ್ಷಿಸಿ ನೋಡುತ್ತೇನೆ ಎಂದಳು. ಮೂರನೆಯವನು ಅಲ್ಲಿ ಇಟ್ಟುಕೊಂಡ ಇಂಗ್ಲಿಷ್ ಹೆಸರಿಗೆ ಕಪ್ಪೆ ಎಂದು ಅರ್ಥ. ಅವನ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಕನ್ನಡವಂತೂ ಒಂದಕ್ಷರ ಬಾರದು. ಆದರೂ ದಿನಾ ಬರೆಯುತ್ತಿದ್ದ. ಈ ಅಕ್ಷರದ ಬಾಲ ಮೇಲಕ್ಕೆ ಹೋಗಬೇಕೋ ಕೆಳಕ್ಕೋ, ಇದರ ಕಾಲಡಿ ಕೂತ ಅಕ್ಷರ ಅಲ್ಲೇ ಇರಲೋ ಪಕ್ಕಕ್ಕೆ ಸರಿಸಲೋ ಎಂದು ಕೇಳುತ್ತಿದ್ದ. ನಾಗರತ್ನಾ ಹೇಳಿದ್ದನ್ನು ತಿದ್ದಿ ಕಳಿಸುತ್ತಿದ್ದ, ಬೇಸರವಿಲ್ಲದೆ ಮತ್ತೆ ತಿದ್ದುತ್ತಿದ್ದ.

ಕೊನೆಗೊಂದು ಮಧ್ಯಾಹ್ನ ಪ್ರಿಂಟರು ಕಿರ್ರೆಂದು ತಿರುಗಿ "ಶಟ್ಟೆವ್ವ" ಎಂದು ಬರೆಯಿತು. ಗಂಡನಿಂದ ಕಲಿತು ತನ್ನ ಹೆಸರಷ್ಟೇ ಓದಬಲ್ಲ ಶಟ್ಟೆವ್ವ ಅದನ್ನು ಬೆರಳಿಟ್ಟು ಓದಿದಳು.

"ಇನ್ನೊಮ್ಮಿ ತಗಿ ಯವ್ವಾ," ಎಂದಳು. ಎರಡನೆಯದನ್ನು ಮಡಿಚಿ ಕುಪ್ಪಸದಲ್ಲಿಟ್ಟುಕೊಂಡು, "ಯಾರ ಮಾಡಿದ್ರ ಇದನ್ನ?" ಎಂದು ಕೇಳಿದಳು.

"ಯಾರೋ ದೂರದವರಬೇ. ಮಾರಿ ಸೈತ ನೋಡಿಲ್ಲ."

"ಯಾರರ ಇರಲಿ, ಅವರ ಹೊಟ್ಟಿ ತಣ್ಣಗಿರಲಿ."

ಈ ಮಾತನ್ನು ಆ ಕಪ್ಪೆಗೆ ಹೇಗಾದರೂ ಮುಟ್ಟಿಸಬೇಕೆಂದು ನಾಗರತ್ನಾಳ ಜೀವ ತುಡಿಯಿತು. ಅತ್ತ ಕಪ್ಪೆಯೂ ಒಂದು ಮಾತು ಕೇಳಿದ್ದ. "ನಡೆಯಿತೇ? ನಡೆಯಿತು ಎಂದು ನೀವು ಗುಂಪಿನಲ್ಲಿ ಬರೆದರೆ ಈ ತಿದ್ದುಪಡಿಯನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇವೆ, ಕನ್ನಡದವರಿಗೆಲ್ಲ ಸಿಗುತ್ತದೆ. ಕಷ್ಟ ಹೇಳಿಕೊಂಡವರೇ ಹೇಳಬೇಕು. ತಿಂಗಳ ಕೊನೆಯವರೆಗೆ ಕಾಯುತ್ತೇವೆ." ಸವದತ್ತಿ, ರಾಮದುರ್ಗ, ಕಿತ್ತೂರಿನ ಸಂಘಗಳಲ್ಲೂ ಇದೇ ಪುಕ್ಕಟೆ ಸಾಫ್ಟ್‌ವೇರು, ಇವೇ ಚೌಕಗಳು. ಒಂದು ಮಾತು ಬರೆದರೆ ಅಷ್ಟೂ ಊರಿನ ಹೆಸರುಗಳು ಬಿಡುಗಡೆಯಾಗುತ್ತಿದ್ದವು.

ಅಂದೇ ಬೈಲಹೊಂಗಲಕ್ಕೆ ಹೋಗಿ ಬರೆದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಾಗರತ್ನಾ ಮರ್ಯಾದೆ ಬಲ್ಲ ಹೆಣ್ಣುಮಗಳು. ಉಪಕಾರ ಆದದ್ದು ಸಂಘಕ್ಕೆ, ಸಂಘದ ಹೆಸರಿನಲ್ಲೇ ಉಪಕಾರ ಸ್ಮರಿಸೋಣವೆಂದು ಶ್ರೀಶೈಲನ ಅಪ್ಪಣೆ ಕೇಳಿದಳು. ಅವಳು ಮಾಡಿದ ತಪ್ಪು ಇದೊಂದೇ.

ಶ್ರೀಶೈಲ ಕನ್ನಡಕ ತೆಗೆದಿಟ್ಟ. "ಕೃತಜ್ಞತಾ ಅಂದ್ರ ಧೋರಣೆಯ ವಿಷಯ ಮೇಡಂ. ಗುಮಾಸ್ತರು ಸಲ್ಲಿಸಾಕ ಬರಂಗಿಲ್ಲ. ಮೀಟಿಂಗಿಗೆ ಇಡೋಣು."

ಮೀಟಿಂಗಿನಲ್ಲಿ ವಿಷಯ ಗಂಭೀರ ಚರ್ಚೆಗೆ ಬಂತು. ನಿರ್ದೇಶಕ ಲಗಮಪ್ಪ ಮೊದಲಿಗೇ ಸಂಶಯ ಎತ್ತಿದ. "ಪುಕ್ಕಟೆ ಯಾಕ ಮಾಡ್ತಾರ್ರಿ ಅವರು? ಮುಂದಿನ ಇಲೆಕ್ಷನ್ನಿಗೆ ನಿಲ್ಲೂ ವಿಚಾರ ಐತೇನ ನೋಡ್ರಿ." ಅವರಿಗೆ ನೇಸರಗಿಯಲ್ಲಿ ಓಟು ಇಲ್ಲವೆಂದು ಖಚಿತವಾದ ಮೇಲೆ ಸಭೆ ಸಮಾಧಾನಗೊಂಡು ಸತ್ಕಾರ ಸಮಾರಂಭ ಏರ್ಪಡಿಸಲು ನಿರ್ಧರಿಸಿತು. ಗೋಡೆಗೆ ಹೊಸ ಪ್ರಕಟಣೆ ಬಿತ್ತು: "ಸಂಘದ ಕೃತಜ್ಞತೆಯನ್ನು ಸಮಾರಂಭದಲ್ಲಿ ಒಟ್ಟಾಗಿ ಸಲ್ಲಿಸಲಾಗುವುದು. ಅಲ್ಲಿಯವರೆಗೆ ಯಾವ ಸಿಬ್ಬಂದಿಯೂ ಬಿಡಿಬಿಡಿಯಾಗಿ ಕೃತಜ್ಞತೆ ಸಲ್ಲಿಸಕೂಡದು. ಸಲ್ಲಿಸಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು." ಗುಂಪಿನ ಖಾತೆಯ ಪಾಸ್‌ವರ್ಡನ್ನು ಶ್ರೀಶೈಲ ಬದಲಿಸಿ ತಿಜೋರಿಯಲ್ಲಿಟ್ಟ. ನಾಗರತ್ನಾಳನ್ನು ಕಾಯಂ ಮಾಡುವ ವಿಷಯವೂ ಅದೇ ಸಮಾರಂಭದ ನಂತರ ಕೈಗೆತ್ತಿಕೊಳ್ಳುವುದೆಂದಾಯಿತು, ಹಾಗಾಗಿ ಅವಳು ಬಾಯಿ ಬಿಗಿಹಿಡಿದಳು.

ಇನ್ನು ಕುರ್ಚಿಗಳ ಪ್ರಶ್ನೆ. ತೆರೆಜಾ ಹೆಂಗಸಾದ್ದರಿಂದ ಆಕೆಯ ಪರವಾಗಿ ಉಪಾಧ್ಯಕ್ಷೆ ಗುರುಬಸವ್ವ ಕೂರುವುದೆಂದು ತಂಟೆಯಿಲ್ಲದೆ ತೀರ್ಮಾನವಾಯಿತು. ಮಾರೆಕ್ ಎಂಬುದು ಮನುಷ್ಯರ ಹೆಸರಿನ ಹಾಗೆ ಕೇಳುತ್ತಿದ್ದುದರಿಂದ ಅಧ್ಯಕ್ಷರು ಅದನ್ನು ತಮಗೆ ಇಟ್ಟುಕೊಂಡರು. ಕಪ್ಪೆ ಲಗಮಪ್ಪನ ಪಾಲಿಗೆ ಬಂತು.

"ನಮ್ಮ ಬೀಗರು ಬರ್ತಾರ್ರಿ ಸಭಾಕ್ಕ," ಎಂದು ಲಗಮಪ್ಪ ಅಂಗಲಾಚಿದ. "ಅವರ ಮುಂದ ಕಪ್ಪಿ ಆಗಿ ಹೆಂಗ ಕುಂದ್ರಲಿ?"

ಆಗ ನಾಗರತ್ನಾ ವರದಿ ಓದಿದಳು. ಮಾರೆಕ್ ವೈರಿನ ಬಗ್ಗೆ ವಿಚಾರಿಸಿದ್ದಾರೆ, ಉಳಿದ ಕೆಲಸವನ್ನೆಲ್ಲ ಕಪ್ಪೆಯವರೇ ಮಾಡಿದ್ದಾರೆ, ದೊಡ್ಡ ಶಾಲು ಅವರಿಗೇ ಸಲ್ಲಬೇಕು. ಮಲಕಾಜಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಅಧ್ಯಕ್ಷ ಆದಾಂವ ಜವಾಬ್ದಾರಿಯಿಂದ ಹಿಂದ ಸರೀಬಾರದು," ಎಂದರು. "ಕಪ್ಪಿ ನಾನ ಆಗತೇನಿ."

ಸಭೆ ಮೇಜು ತಟ್ಟಿತು. ವೈರಿನ ಬಗ್ಗೆ ವಿಚಾರಿಸಿದವನ ಸ್ಥಾನಕ್ಕೆ ಇಳಿದ ಲಗಮಪ್ಪನಿಗೆ ಈಗ ಕಪ್ಪೆ ಕೈತಪ್ಪಿದ್ದು ಬೇಜಾರಾಯಿತು.

ಮುಖ್ಯ ಅತಿಥಿಗಳಿಗೆ ಪುರುಸೊತ್ತಿಲ್ಲದೆ ಸಮಾರಂಭ ಒಂದು ಸಲ ಮುಂದಕ್ಕೆ ಹೋಯಿತು, ಪೆಂಡಾಲಿನವನಿಗೆ ಮದುವೆ ಆರ್ಡರು ಬಂದು ಇನ್ನೊಂದು ಸಲ ಹೋಯಿತು. ತಿಂಗಳು ಸರಿಯುತ್ತಿತ್ತು. ಸವದತ್ತಿ ಸಂಘದ ಗುಮಾಸ್ತೆ ಮಂಜುಳಾ ಫೋನಿನಲ್ಲಿ, "ನಮ್ಮಲ್ಲಿ ಯಾವಾಗ ಬರತೈತ್ರಿ ಅಕ್ಕಾ? ಇಲ್ಲಿ ಜನಾ ಚೌಕ ಎಣಿಸಿ ಎಣಿಸಿ ಜಗಳಾಡಾಕ ಹತ್ತ್ಯಾರ," ಎಂದು ಕೇಳುತ್ತಿದ್ದಳು. ನಾಗರತ್ನಾ ತಡೆಯಲಾಗದೆ ಶ್ರೀಶೈಲನ ಮುಂದೆ ನಿಂತಳು.

"ಸರ್, ಸತ್ಕಾರ ಆಮ್ಯಾಲ ಆಗಲಿ. ಬರೇ 'ನಡೀತು' ಅಂತ ಒಂದ ಮಾತ ಬರೀತೇನ್ರಿ. ಅದರಾಗ ಕೃತಜ್ಞತಾ ಇರಂಗೇ ಇಲ್ಲ."

"ಕೆಲಸಾ ಮಾಡಿದವಗ 'ನಡೀತು' ಅನ್ನೂದಕ್ಕಿಂತ ದೊಡ್ಡ ಕೃತಜ್ಞತಾ ಯಾವುದೈತಿ ಮೇಡಂ?" ಎಂದ ಶ್ರೀಶೈಲ. ಅವನ ಮಾತು ನೂರಕ್ಕೆ ನೂರು ಸರಿಯಿತ್ತು, ಅದಕ್ಕೇ ನಾಗರತ್ನಾಳಿಗೆ ಅಳು ಬಂತು.

ಅಂತೂ ಸಮಾರಂಭ ನಡೆಯಿತು. ಬ್ಯಾನರಿನ ಮೇಲೆ "ಶ್ರೀಯುತ ಕಪ್ಪೆಯವರಿಗೆ ಹೃತ್ಪೂರ್ವಕ ಸತ್ಕಾರ" ಎಂದಿತ್ತು, ಕೆಳಗೆ ಮಲಕಾಜಪ್ಪನವರ ಭಾವಚಿತ್ರ. ಅವರಿಗೆ ರೇಶಿಮೆ ರುಮಾಲು ಸುತ್ತಿ, ಹಾರ ಹಾಕಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಶಟ್ಟೆವ್ವನನ್ನು ಫಲಾನುಭವಿಯೆಂದು ವೇದಿಕೆಗೆ ಕರೆದು ನಮಸ್ಕಾರ ಮಾಡಿಸಿದರು. ಅವಳು ಮಾಡಿ ಇಳಿದು ಬಂದು, "ತಂಗಿ, ನೀ ದೂರದವರ ಅಂದಿದ್ದಿ. ಇಂವ ಮಲಕಾಜನ ಹೌದಲ್ಲ?" ಎಂದು ಕಿವಿಯಲ್ಲಿ ಕೇಳಿದಳು. ಮಲಕಾಜಪ್ಪನವರು ಮಾತಾಡುತ್ತ, "ನಾ ಮಾಡಿದ್ದು ಭಾಳ ಸಣ್ಣ ಕೆಲಸ. ಕನ್ನಡ ಬರದಿದ್ದರೂ ಕಷ್ಟಪಟ್ಟೆ," ಎಂದಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಲಗಮಪ್ಪ ತನ್ನ ಸರದಿ ಬಂದಾಗ ವೈರಿನ ಮಹತ್ವ ಕುರಿತು ದೀರ್ಘವಾಗಿ ಮಾತಾಡಿದ.

ತಿಂಗಳು ಮುಗಿಯಲು ಇನ್ನೂ ಎರಡು ದಿನವಿತ್ತು. ಶ್ರೀಶೈಲ ಪಾಸ್‌ವರ್ಡ್ ಹೊರತೆಗೆದು, ಬೈಲಹೊಂಗಲಕ್ಕೆ ನಾಗರತ್ನಾಳನ್ನೂ ಕರೆದುಕೊಂಡು ಹೋಗಿ ತಾನೇ ಹೇಳಿ ಇಂಗ್ಲಿಷಿನಲ್ಲಿ ಬರೆಯಿಸಿದ: "ತಮ್ಮನ್ನು ಇದೇ ತಿಂಗಳು ವಿಜೃಂಭಣೆಯಿಂದ ಸತ್ಕರಿಸಲಾಗಿದೆ. ತಾವು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದು ತಮ್ಮ ಭಾಷಣ ಎಲ್ಲರ ಮೆಚ್ಚುಗೆ ಗಳಿಸಿತು." ಅದರ ಕೆಳಗೆ 'ನಡೆಯಿತು' ಎಂದು ಸೇರಿಸಲು ನಾಗರತ್ನಾ ಕೇಳಿದಳು. ಠರಾವಿನಲ್ಲಿ ಆ ಶಬ್ದ ಇಲ್ಲವೆಂದು ಶ್ರೀಶೈಲ ಅಷ್ಟನ್ನೇ ಕಳಿಸಿ ಎದ್ದ. ಮರುದಿನವೇ ಕಪ್ಪೆಯ ಉತ್ತರ ಬಂತು. ನನಗೆ ಬಹಳ ಸಂತೋಷವಾಗಿದೆ, ಏನಾಗಿದೆಯೆಂದು ಪೂರ್ತಿ ತಿಳಿಯಲಿಲ್ಲ, ಅದಿರಲಿ, ನಡೆಯಿತೇ ಎಂದು ಕೇಳಿದ್ದ.

ತುರ್ತು ಸಭೆ ಸೇರಿತು. ಶಾಲು ಹೊದಿಸಿದ ಮೇಲೂ ಮತ್ತೆ ಕೇಳುವುದು ಅತಿಯಾಯಿತೆಂದು ಲಗಮಪ್ಪ ಆಕ್ಷೇಪಿಸಿದ. ಶ್ರೀಶೈಲ ಮಾತ್ರ ನಿಯಮದಲ್ಲೇ ದಾರಿ ಹುಡುಕಿದ. ಶ್ರೀಯುತ ಕಪ್ಪೆಯವರ ಪರವಾಗಿ ಎಲ್ಲವನ್ನೂ ಸ್ವೀಕರಿಸುವ ಅಧಿಕಾರ ಅಧ್ಯಕ್ಷರಿಗಿದೆ, ಆದ್ದರಿಂದ ಉತ್ತರವನ್ನೂ ಅವರೇ ಸ್ವೀಕರಿಸಬಹುದು. ನಾಗರತ್ನಾ ಮುಂದೆ ಬಂದು ಹೇಳಲಿ.

ನಾಗರತ್ನಾ ಮಲಕಾಜಪ್ಪನವರ ಮುಂದೆ ಕೈಮುಗಿದು ನಿಂತಳು. ಎಷ್ಟೋ ದಿನದಿಂದ ಗಂಟಲಲ್ಲಿ ಕೂತಿದ್ದ ಮಾತು ಅದು, ಹೊರಗೆ ಬರುವಾಗ ಯಾರೆಂದು ನೋಡಲಿಲ್ಲ.

"ನಡೀತ್ರಿ," ಎಂದಳು. "ಭಾಳ ಚಲೋ ನಡೀತ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ."

"ಇರಲಿ ಬಿಡ ತಂಗಿ, ಅದು ನನ್ನ ಕರ್ತವ್ಯ," ಎಂದರು ಮಲಕಾಜಪ್ಪನವರು. ಉತ್ತರ ಮುಟ್ಟಿದೆಯೆಂದು ದಾಖಲಾಯಿತು. ಚಹಾ ಬಂತು.

ಹೊಸ ಆವೃತ್ತಿ ಬಂದಾಗ ತಿದ್ದುಪಡಿ ಅದರಲ್ಲಿರಲಿಲ್ಲ, ಯಾಕೆಂದು ತಿಳಿಸಿ ಕಪ್ಪೆ ಕೊನೆಯದೊಂದು ಪತ್ರ ಬರೆದಿದ್ದ. ನೇಸರಗಿಯಲ್ಲಿ ಕಪ್ಪೆ ತಿದ್ದಿಕೊಟ್ಟ ಹಳೆಯದನ್ನೇ ಉಳಿಸಿಕೊಂಡದ್ದರಿಂದ ಹೆಸರುಗಳು ಬಚಾವಾದವು, ಉಳಿದ ಊರುಗಳಲ್ಲಿ ಚೌಕಗಳು ಮುಂದುವರಿದವು. ಆದರೆ ಪೇಪರಿನಲ್ಲಿ ಫೋಟೋ ನೋಡಿದ ಕಿತ್ತೂರಿನವರು ಮಲಕಾಜಪ್ಪನವರನ್ನು ಕರೆಸಿ ಸತ್ಕರಿಸಿದರು, ರಾಮದುರ್ಗದವರೂ ಸತ್ಕರಿಸಿದರು. ಸವದತ್ತಿಯವರು ಕರೆದಾಗ, ಅಷ್ಟರಲ್ಲಿ ಕಾಯಂ ಆಗಿದ್ದ ನಾಗರತ್ನಾಳೂ ಜೊತೆಗೆ ಹೋದಳು.

ಸಭೆ ತುಂಬಿತ್ತು. ಹೂಲಿಯಿಂದ ಬಂದ ಮುದಕವ್ವ ಎಂಬ ರೈತ ಹೆಣ್ಣುಮಗಳು ಚೌಕಗಳ ಚೀಟಿ ಹಿಡಿದು ಎದ್ದು ನಿಂತು, "ಯಪ್ಪಾ, ನೀನ ಮಾಡಿದಾಂವ ಅಂತಾರ. ನಮ್ಮ ಹೆಸರ ಯಾಕ ಬರವಲ್ವು?" ಎಂದು ಕೇಳಿದಳು.

ಮಲಕಾಜಪ್ಪನವರು ಶಾಲು ಸರಿಪಡಿಸಿಕೊಂಡರು. ಕಪ್ಪೆಯ ಕೊನೆಯ ಪತ್ರವನ್ನು ಅವರಿಗೆ ಓದಿಹೇಳಿದ್ದವಳು ನಾಗರತ್ನಾಳೇ. ಈಗ ಅದರ ಒಂದೊಂದು ಮಾತೂ ಅವರ ಬಾಯಿಂದ ನೋವು ತುಂಬಿ ಬಂತು.

"ಏನ ಮಾಡೂದವಾ? ನಿಮ್ಮ ಸಲುವಾಗಿ ದಿನಾ ಕುಂತ ಮಾಡಿದೆ. ನಡೀತೋ ಇಲ್ಲೋ ಅಂತ ಕೈಮುಗದ ಕೇಳಿದೆ. ತಿಂಗಳ ಕೊನೀತನಕ ಹಾದಿ ನೋಡಿದೆ. ನಡೀತು ಅಂತ ಒಂದ ಮಾತ ಯಾರೂ ಹೇಳಲಿಲ್ಲ. ಹಿಂಗಾಗಿ ತಗದಬಿಟ್ಟೆ."

ಎಂಥ ಉಪಕಾರಗೇಡಿ ಜನರಪ್ಪ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಮಂಜುಳಾ ತಿರುಗಿ ನಾಗರತ್ನಾಳ ಮುಖ ನೋಡಿದಳು. ನಾಗರತ್ನಾ ತಲೆ ತಗ್ಗಿಸಿದಳು. ಅವಳಿಗೂ, ತಪ್ಪು ತನ್ನದೇ ಇರಬೇಕು ಅನ್ನಿಸಿತು. ಆಮೇಲೆ ಮುದಕವ್ವ ಚೀಟಿ ಮಡಿಚಿಟ್ಟುಕೊಂಡು ಮೊದಲು ಚಪ್ಪಾಳೆ ತಟ್ಟಿದಳು, ಉಳಿದವರೆಲ್ಲ ತಟ್ಟಿದರು, ನಾಗರತ್ನಾಳೂ ತಟ್ಟಿದಳು.