ಕ್ಯಾಬರ್ನೆ ಎಂಬ ಚೀಟಿ

ಸೀಸೆಯೊಳಗಿನ ರಸವನ್ನು ನಾಲಿಗೆಗೆ ಬಿಟ್ಟುಕೊಳ್ಳುವ ಮೊದಲೇ ಅದರ ಮೇಲಿನ ಚೀಟಿಗೆ ಕೈಮುಗಿಯುವವರಲ್ಲಿ ತಾವೂ ಒಬ್ಬರಲ್ಲವೇ? ಹಾಗಿದ್ದರೆ ಗುಬ್ಬಿಯ ಗುಮಾಸ್ತ ರೇಣುಕಾಪ್ರಸಾದನನ್ನು ಕಂಡು ನಗುವ ಅಧಿಕಾರ ತಮಗಿಲ್ಲ.

೨೦೦೩ರ ಬೇಸಿಗೆಯಲ್ಲಿ ಆತ ಮನೆಯಲ್ಲೇ ವೈನ್ ಮಾಡುವ ಪೆಟ್ಟಿಗೆಯೊಂದನ್ನು ಬೆಂಗಳೂರಿನಿಂದ ತರಿಸಿದ. ಒಳಗೆ ದ್ರಾಕ್ಷಿರಸದ ಡಬ್ಬ, ಯೀಸ್ಟಿನ ಪೊಟ್ಟಣ, ಸೀಸೆಗೆ ಅಂಟಿಸಲು 'ಕ್ಯಾಬರ್ನೆ: ಫ್ರಾನ್ಸ್ ದೇಶದ ದ್ರಾಕ್ಷಿ' ಎಂಬ ಚಿನ್ನದಂಚಿನ ಚೀಟಿ. ಡಬ್ಬ ತೆರೆದರೆ ಬಣ್ಣ ಕಲಸಿದ ಬೆಲ್ಲದ ನೀರು! ದ್ರಾಕ್ಷಿ ಆ ಡಬ್ಬದ ಬೀದಿಯಲ್ಲೂ ಹಾದುಹೋಗಿರಲಿಲ್ಲ. ಅದನ್ನು ಬಚ್ಚಲಿಗೆ ಸುರಿದು, ತುಮಕೂರು ಮಾರುಕಟ್ಟೆಯ ಕಪ್ಪು ದ್ರಾಕ್ಷಿಯನ್ನೇ ಹಿಂಡಿ ಹುದುಗಿಸಿದ. ರಸವೇನೋ ಸೊಗಸಾಗಿ ಪಕ್ವವಾಯಿತು. ವಾಸನೆ ಮಾತ್ರ ಹೇಳದೆ ಕೇಳದೆ ಮನೆಯ ಮಾಲೀಕ ಲಕ್ಷ್ಮೀನರಸಿಂಹಯ್ಯನವರ ಮೂಗಿನಲ್ಲಿ ಬಿಡಾರ ಹೂಡಿತು.

"ಏನ್ರೀ, ನನ್ನ ಮನೇಲಿ ಹೆಂಡದಂಗಡಿ ಇಟ್ಟಿದೀರಾ?" ಎಂದು ಅವರು ಬೆಳಿಗ್ಗೆಯೇ ಬಾಗಿಲಲ್ಲಿ ನಿಂತರು.

"ಅಯ್ಯೋ, ಇಲ್ಲ ಯಜಮಾನ್ರೇ. ಇವತ್ತು ತುಮಕೂರಲ್ಲಿ ತೋಟಗಾರರ ಸಂಘದ್ದು ವೈನ್ ಸ್ಪರ್ಧೆ. ಫಸ್ಟ್ ಪ್ರೈಜ್ ನಂದೇ."

"ಬಂದ್ರೆ ಕಲೆ ಅಂತೀನಿ. ಬರ್ಲಿಲ್ವಾ, ಹೆಂಡ ಅಂತೀನಿ. ಸಂಜೆಗೆ ಮನೆ ಖಾಲಿ ಮಾಡ್ಬೇಕು. ನಡೀರಿ, ನಾನೂ ಬರ್ತೀನಿ."

ರೇಣುಕಾಪ್ರಸಾದ ಒಳಗೋಡಿ ಸೀಸೆಗೆ ಚಿನ್ನದಂಚಿನ ಚೀಟಿ ಅಂಟಿಸಿದ.

"ರೀ, ಊರ ದ್ರಾಕ್ಷಿಗೆ ಫ್ರಾನ್ಸ್ ಚೀಟಿನಾ? ಎಮ್ಮೆಗೆ ಸೀಮೆಹಸು ಅಂತ ಬೋರ್ಡ್ ಹಾಕ್ದಂಗೆ!" ಎಂದಳು ಹೆಂಡತಿ ಮಾಲಿನಿ.

"ಸುಮ್ನಿರೇ. ಮಾರ್ಕೆಟ್ ದ್ರಾಕ್ಷಿ ಅಂದ್ರೆ ಮೂಸಿನೂ ನೋಡಲ್ಲ ಕಣೇ."

ಬಸ್ಸಿನ ಕುಲುಕಾಟಕ್ಕೆ ಬಿರಡೆ ಹಾರಿತು. ಲಕ್ಷ್ಮೀನರಸಿಂಹಯ್ಯನವರ ಬಿಳಿಪಂಚೆ ಕೆಂಪಾಯಿತು.

"ಏನ್ ಯಜಮಾನ್ರೇ, ಬೆಳಿಗ್ಗೇನೇ ಶುರು ಹಚ್ಕೊಂಡ್ರಾ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಸ್ಪರ್ಧೆಯ ತೀರ್ಪುಗಾರ, ತುಮಕೂರಿನ ಸದಾಶಿವಯ್ಯನವರು ಕುಣಿಗಲ್ಲಿನಿಂದಾಚೆಗೆ ಕಾಲಿಟ್ಟವರಲ್ಲ. ಮೊದಲು ಕನ್ನಡಕ ಏರಿಸಿ ಚೀಟಿ ಓದಿದರು, ಆಮೇಲೆ ಚಪ್ಪರಿಸಿದರು.

"ಆಹಾ! ಫ್ರಾನ್ಸ್ ಮಣ್ಣೇ ನಾಲಿಗೆ ಮೇಲೆ ಕೂತಂಗಾಯ್ತು. ಇದಕ್ಕೆ ಸಮ ಇಲ್ಲಿ ಇನ್ನೊಂದಿಲ್ಲ!"

ರೇಣುಕಾಪ್ರಸಾದ ಉಬ್ಬಿದ ಪೂರಿಯಾದ.

"ಆದ್ರೆ ಪ್ರೈಜ್ ಕೊಡಕ್ಕಾಗಲ್ಲ. ಸ್ಪರ್ಧೆ ನಮ್ಮ ನಾಡಿನ ದ್ರಾಕ್ಷಿಗೆ ಮಾತ್ರ."

"ಸಾರ್, ದೇವ್ರಾಣೆ ಇದು ತುಮಕೂರು ಮಾರ್ಕೆಟ್ ದ್ರಾಕ್ಷಿ! ಚೀಟಿ ಸುಳ್ಳು ಸಾರ್!"

ಸದಾಶಿವಯ್ಯನವರು ಮತ್ತೊಂದು ಗುಟುಕು ಹೀರಿ ಮುಖ ಕಿವುಚಿದರು. "ಥೂ! ಅದಕ್ಕೇ ಇಷ್ಟು ಹುಳಿ. ಸುಳ್ಳು ಚೀಟಿ ಅಂಟಿಸ್ದೋರಿಗೆ ಪ್ರೈಜ್ ಅಲ್ಲಪ್ಪ, ಗೇಟು ತೋರಿಸ್ತೀವಿ."

ಗೇಟಿನಾಚೆ ಲಕ್ಷ್ಮೀನರಸಿಂಹಯ್ಯನವರು ಸೀಸೆ ಕಿತ್ತುಕೊಂಡು ಉಳಿದದ್ದನ್ನು ತಳದವರೆಗೂ ಬರಿದು ಮಾಡಿದರು.

"ರುಚಿ ಭಾರಿ ಚೆನ್ನಾಗೈತೆ ಕಣ್ರೀ. ಆದ್ರೆ ಪ್ರೈಜ್ ಬರ್ಲಿಲ್ವಲ್ಲ, ಹಂಗಾದ್ರೆ ಇದು ಹೆಂಡಾನೇ. ಮನೆ ಖಾಲಿ ಮಾಡಿ."

ಓದುಗ ಮಹಾಶಯರೇ, ಗುಬ್ಬಿಯಲ್ಲಿ ತಮ್ಮದೊಂದು ಬಾಡಿಗೆ ಮನೆಯಿದ್ದರೆ ದಯವಿಟ್ಟು ಆ ಬಡಪಾಯಿಗೆ ಕೊಡಿ. ಆದರೆ 'ದಿನವಿಡೀ ನಲ್ಲಿ ನೀರು' ಎಂದು ಬೋರ್ಡು ಬರೆಸುವ ಮುನ್ನ, ಒಮ್ಮೆ ನಲ್ಲಿ ತಿರುಗಿಸಿ ನೋಡಿ.